ನಡತೆಯ ಕಾಲಂನಲ್ಲಿ ನಿಜವನ್ನೇ ಬರೆಯೋಣ

ಪರೀಕ್ಷೆ ಪಾಸಾದೊಡನೆ ಸರಕಾರಿ ಉದ್ಯೋಗ ಕೈಸೇರಿತೆಂದು ನಾವು ಭಾವಿಸುವುದುಂಟು. ಆದರೆ ದಾಟಬೇಕಾದ ಹೊಸ್ತಿಲು ಇನ್ನೊಂದಿದೆ. ಅದು ಪೂರ್ವಚರಿತ್ರೆ ಮತ್ತು ನಡತೆಯ ಪರಿಶೀಲನೆ. ಬಂಧನವಾಗಿದೆಯೇ, ಮೊಕದ್ದಮೆ ನಡೆದಿದೆಯೇ, ಶಿಕ್ಷೆಯಾಗಿದೆಯೇ ಎಂದು ಫಾರಂ ಕೇಳುತ್ತದೆ. ಕೊಟ್ಟ ಉತ್ತರವನ್ನು ಪೋಲೀಸರು ಊರಿನ ಠಾಣೆಯ ದಾಖಲೆಗಳೊಡನೆ ತಾಳೆ ನೋಡುತ್ತಾರೆ.

ಕಾಸರಗೋಡಿನ ನಮಗೂ, ಕೊಲ್ಹಾಪುರ ಜಿಲ್ಲೆಯ ಬಿದ್ರಿ, ಗಡಹಿಂಗ್ಲಜ, ಇಚಲಕರಂಜಿ ಕಡೆಯ ಕನ್ನಡ ಮನೆಗಳಿಗೂ ಇದು ತಟ್ಟುವ ವಿಷಯ. ಭಾಷೆಗಾಗಿ ಮೆರವಣಿಗೆ, ಘೋಷಣೆ ಗಡಿನಾಡಿಗೆ ಹೊಸತಲ್ಲ. ಗುಂಪಿನಲ್ಲಿ ನಿಂತ ತರುಣನ ಹೆಸರೂ ಮೊಕದ್ದಮೆಯಲ್ಲಿ ಸೇರಬಹುದು. "ಖುಲಾಸೆಯಾಯಿತಲ್ಲ, ಬರೆಯುವುದೇಕೆ?" ಎಂದು ಹಿರಿಯರೇ ಬುದ್ಧಿ ಹೇಳುತ್ತಾರೆ. ಕೆಲಸ ಕೆಡುವುದು ಅಲ್ಲಿಯೇ.

ರಾಜಕೀಯ ಚಟುವಟಿಕೆಯಲ್ಲಿ ಹಿಂದೆ ಪಾಲ್ಗೊಂಡಿದ್ದನೆಂಬ ಪೋಲೀಸು ವರದಿಯ ಮೇಲೆ ಅಧ್ಯಾಪಕನೊಬ್ಬನನ್ನು ತೆಗೆದುಹಾಕಿದ ಮಧ್ಯಪ್ರದೇಶ ಸರಕಾರದ ಕ್ರಮವನ್ನು ಸುಪ್ರೀಂ ಕೋರ್ಟು 1983ರಲ್ಲೇ ಒಪ್ಪಲಿಲ್ಲ. ಅಭಿಪ್ರಾಯವಿದ್ದುದು ಅಪರಾಧವಲ್ಲ. ಮುಚ್ಚಿಟ್ಟರೆ ಮಾತು ಬೇರೆ. 2016ರ ಜುಲೈ 21ರಂದು ಅವತಾರ್ ಸಿಂಗ್ ಮೊಕದ್ದಮೆಯಲ್ಲಿ ಮೂವರು ನ್ಯಾಯಾಧೀಶರ ಪೀಠ ನಿಯಮಗಳನ್ನು ಸ್ಪಷ್ಟಪಡಿಸಿತು. ಕೊಡುವ ಮಾಹಿತಿ ಸತ್ಯವಾಗಿರಬೇಕು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಸಣ್ಣ ಪ್ರಕರಣವನ್ನು ಮರೆಮಾಚಿದ್ದರೂ ಅಧಿಕಾರಿಗಳು ಮನ್ನಿಸಬಹುದು. ಆದರೆ ಅದು ಅವರ ವಿವೇಚನೆ, ಅಭ್ಯರ್ಥಿಯ ಹಕ್ಕಲ್ಲ. ನಿಜ ಹೇಳಿದವನ ಪೂರ್ವಚರಿತ್ರೆಯನ್ನೂ ಅವರು ತೂಗಿ ನೋಡಬಹುದು. ಫಾರಂನ ಪ್ರಶ್ನೆ ಮಾತ್ರ ಸ್ಪಷ್ಟವಾಗಿರಬೇಕು. ಅಭ್ಯರ್ಥಿಗೆ ತಿಳಿದೇ ಇರದ ಸಂಗತಿಯನ್ನು ಮುಚ್ಚಿಟ್ಟನೆಂದು ದೂರುವಂತಿಲ್ಲ.

2011ರಲ್ಲಿ ದಿಲ್ಲಿ ಪೋಲೀಸು ಹುದ್ದೆಗೆ ಅರ್ಜಿ ಹಾಕಿದ್ದ ತರುಣನೊಬ್ಬನ ಪಾಲಿಗೆ ಅದೇ ಕೋರ್ಟು ಉದಾರವಾಗಿತ್ತು. ರಾಜಿಯಾಗಿ ಖುಲಾಸೆಯಾದ ಹೊಡೆದಾಟದ ಮೊಕದ್ದಮೆಯನ್ನು ಆತ ಅರ್ಜಿಯಲ್ಲಿ ತಿಳಿಸಿರಲಿಲ್ಲ. ಯೌವನದ ತಪ್ಪಿಗೆ ಬಾಳೆಲ್ಲ ಮುದ್ರೆಯೊತ್ತಬಾರದೆಂಬುದು ಆಗಿನ ಧೋರಣೆ. ಆದರೆ ಈ ಉದಾರತೆಯನ್ನು ನೆಚ್ಚಿ ಕೂರುವಂತಿಲ್ಲ. ಪೋಲೀಸು, ಅರೆಸೈನಿಕ ಪಡೆಗಳ ವಿಷಯದಲ್ಲಿ ಅಳತೆಗೋಲು ಇನ್ನೂ ಬಿಗಿ ಎಂದು 2022ರ ತೀರ್ಪು ಹೇಳಿದೆ.

ಫಾರಂ ಇಂಗ್ಲಿಷಿನಲ್ಲೋ, ಮಲಯಾಳದಲ್ಲೋ, ಮರಾಠಿಯಲ್ಲೋ ಇದ್ದರೆ ಅರ್ಥವಾಗದ ಕಾಲಂಗೆ 'ಇಲ್ಲ' ಎಂದು ಬರೆದು ಸಹಿ ಹಾಕದಿರಿ. ಬಲ್ಲವರಿಂದ ಕನ್ನಡದಲ್ಲಿ ತಿಳಿದುಕೊಳ್ಳಿ. ಮೊಕದ್ದಮೆ ಇದ್ದರೆ ಅದರ ನಂಬರು, ವರ್ಷ, ಫಲಿತಾಂಶ ಬರೆದು ತೀರ್ಪಿನ ನಕಲನ್ನು ಸಿದ್ಧವಾಗಿಡಿ. ಹಳೆಯ ಮೊಕದ್ದಮೆಗೆ ಸಮಜಾಯಿಷಿ ಕೊಡಬಹುದು, ಸಹಿ ಹಾಕಿಕೊಟ್ಟ ಸುಳ್ಳಿಗೆ ಕೊಡುವುದು ಕಷ್ಟ.