ಸಣ್ಣ ಸ್ಪೋರ್ಟ್ಸ್ ಕಾರು: ಆಯ್ಕೆ ಮತ್ತು ಜೋಪಾನ

ಸ್ಪೋರ್ಟ್ಸ್ ಕಾರೆಂಬ ಮಾತನ್ನು ಕಂಡೊಡನೆ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಹಲವರು, ಇದು ನಮಗೆ ಸಂಬಂಧಿಸಿದ್ದಲ್ಲವೆಂದು ಹಾಳೆ ಮಗುಚಬಹುದು. ಸ್ವಲ್ಪ ತಡೆಯಿರಿ. ನಮ್ಮವರಲ್ಲಿ ಸಾಹುಕಾರರ ಕಾರು ಓಡಿಸುವವರುಂಟು. ಗ್ಯಾರೇಜಿನಲ್ಲಿ ಸ್ಪ್ಯಾನರು ಹಿಡಿದವರುಂಟು. ರಾತ್ರಿಯಿಡೀ ಅಪಾರ್ಟ್‌ಮೆಂಟಿನ ಸೆಲ್ಲಾರು ಕಾಯುವವರುಂಟು. ಹತ್ತು ವರ್ಷ ಕಛೇರಿಯಲ್ಲಿ ದುಡಿದು ನಾಲ್ಕು ಕಾಸು ಕೂಡಿಸಿ, ಹಳೆಯ ಸಣ್ಣ ಕಾರೊಂದನ್ನು ಕೊಳ್ಳೋಣವೇ ಎಂದು ಯೋಚಿಸುವ ಗುಮಾಸ್ತರೂ ಇಲ್ಲದಿಲ್ಲ. ಈ ಯಾವ ಗುಂಪಿಗೂ ಸೇರದವರು ಕೂಡ, ಕೆಳಗೆ ಯಾರದೋ ಕಾರು ನಿಂತಿರುವ ಕಟ್ಟಡದ ಮೇಲಿನ ಕೋಣೆಯಲ್ಲಿ ಮಲಗುವವರೇ. ಆದುದರಿಂದ ಇದು ಎಲ್ಲರೂ ತಿಳಿದಿರಬೇಕಾದ ವಿಷಯ.

ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಥ ಕಾರಿನ ವಿಷಯದಲ್ಲಿ ಮೊದಲು ಜಾಗ ಗೊತ್ತಾಗಬೇಕು, ಆಮೇಲೆ ಕಾರು. ಏಕೆಂಬುದನ್ನು ಕ್ರಮವಾಗಿ ವಿಚಾರಿಸೋಣ.

ಹಗುರತನದ ಗುಟ್ಟು

ಸ್ಪೋರ್ಟ್ಸ್ ಕಾರೆಂದರೆ ದೊಡ್ಡ ಎಂಜಿನಿನ ಕಾರೆಂದು ಜನ ತಿಳಿಯುತ್ತಾರೆ. ಎಲ್ಲ ವೇಳೆಯಲ್ಲೂ ಅದು ನಿಜವಲ್ಲ. ತುಂಬಿದ ಎತ್ತಿನ ಗಾಡಿಯನ್ನೂ ಬರಿಯ ಜಟಕಾವನ್ನೂ ಹೋಲಿಸಿ ನೋಡಿ. ಎಳೆಯುವ ಬಲ ಹೆಚ್ಚಿಲ್ಲದಿದ್ದರೂ ಭಾರ ಕಡಮೆಯಾದರೆ ಓಟ ತಾನಾಗಿ ಚುರುಕಾಗುತ್ತದೆ.

ಲೆಕ್ಕದಿಂದಲೇ ಇದನ್ನು ತೋರಿಸಬಹುದು. ನಮಗೆಲ್ಲ ಪರಿಚಿತವಾಗಿದ್ದ ಹಳೆಯ ಅಂಬಾಸಡರಿನ 1,489 ಸಿ.ಸಿ. ಎಂಜಿನು ಸುಮಾರು 50 ಅಶ್ವಶಕ್ತಿಯದು; ಗಾಡಿಯ ತೂಕ 1,100 ಕಿಲೋಗ್ರಾಮಿಗೂ ಮೇಲು. 1958ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಆಸ್ಟಿನ್-ಹೀಲಿ ಸ್ಪ್ರೈಟ್ ಎಂಬ ಪುಟ್ಟ ಕಾರಿನ ಎಂಜಿನು ಕೇವಲ 948 ಸಿ.ಸಿ., ಶಕ್ತಿ 43. ಆದರೆ ತೂಕ ಸುಮಾರು 660 ಕಿಲೋ ಮಾತ್ರ. ಭಾಗಿಸಿ ನೋಡಿದರೆ ಪ್ರತಿ ನೂರು ಕಿಲೋ ತೂಕಕ್ಕೆ ಅಂಬಾಸಡರಿಗೆ ದೊರೆಯುವುದು ಸುಮಾರು ನಾಲ್ಕೂವರೆ ಅಶ್ವಶಕ್ತಿ, ಸ್ಪ್ರೈಟಿಗೆ ಆರೂವರೆ. ಚಿಕ್ಕ ಎಂಜಿನಿನ ಗಾಡಿಯೇ ಚುರುಕಾಯಿತು! ಭಾರ ಕಡಮೆಯಾದುದರಿಂದ ತಿರುವಿನಲ್ಲಿ ವಾಲುವುದು ಕಡಮೆ, ಬ್ರೇಕಿಗೆ ಕೆಲಸ ಕಡಮೆ, ಪೆಟ್ರೋಲಿನ ಖರ್ಚೂ ಕಡಮೆ. ಲೋಟಸ್ ಕಂಪೆನಿಯ ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಸೆವೆನ್ ಎಂಬ ಕಾರಿನಲ್ಲಿ ಬೇಡದ್ದನ್ನೆಲ್ಲ ಕಿತ್ತುಹಾಕಿ ಈ ತತ್ತ್ವವನ್ನು ತುದಿ ಮುಟ್ಟಿಸಿದನು.

ಆದರೆ ಹಗುರವೆಂಬುದರ ಇನ್ನೊಂದು ಹೆಸರು ತೆಳು. ತಗಡು ತೆಳು, ನೆಲ ತೆಳು, ಮೇಲ್ಹೊದಿಕೆ ಬರಿಯ ಬಟ್ಟೆ. ಭಾರದ ಗಾಡಿಗೆ ತುಕ್ಕು ಹಿಡಿದರೆ ಒಂದಷ್ಟು ಲೋಹ ಉಳಿದಿರುತ್ತದೆ. ತೆಳುವಾದದ್ದಕ್ಕೆ ಹಿಡಿದರೆ ತೂತೇ. ಇಂಥ ಗಾಡಿಯನ್ನು ಮಳೆ ಬಿಸಿಲಿನಲ್ಲಿ ಬಿಟ್ಟು ಉಳಿಸಿಕೊಳ್ಳಲಾಗದು.

ನಮ್ಮ ನಾಡಿನ ಪ್ರಯತ್ನಗಳು

ಇವೆಲ್ಲ ವಿಲಾಯಿತಿಯ ಕಥೆಯೆಂದು ತಿಳಿಯಬೇಡಿ. 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ತಯಾರಾಗುತ್ತಿತ್ತು. ಅದೇ ಹೆರಾಲ್ಡಿನ ಚಾಸಿಯನ್ನು ಕುಗ್ಗಿಸಿ ಇಂಗ್ಲೆಂಡಿನವರು 1962ರಲ್ಲಿ ಟ್ರಯಂಫ್ ಸ್ಪಿಟ್‌ಫಯರ್ ಎಂಬ ಸ್ಪೋರ್ಟ್ಸ್ ಕಾರನ್ನು ಮಾಡಿದರು. ನಮ್ಮ ರಸ್ತೆಯಲ್ಲಿ ಗುಮಾಸ್ತರೂ ಡಾಕ್ಟರರೂ ಓಡಿಸುತ್ತಿದ್ದ ಸಾಧುವಾದ ಕಾರೂ ಆ ಸ್ಪೋರ್ಟ್ಸ್ ಕಾರೂ ಅಣ್ಣತಮ್ಮಂದಿರು.

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಬೆಂಗಳೂರಿನ ಸಿಪಾನಿ ಕಾರ್ಖಾನೆಯದು. ಅವರು 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಂಪೆನಿಯ ಕಿಟನ್ ಎಂಬ ಕಾರನ್ನು ಆಧರಿಸಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಕಾರನ್ನು ತಂದರು. ಅದರ 848 ಸಿ.ಸಿ. ಎಂಜಿನು ಅಲ್ಯೂಮಿನಿಯಮ್ಮಿನದು, ಮೈ ಫೈಬರಿನದು, ತೂಕ ಅರ್ಧ ಟನ್ನಿನ ಆಸುಪಾಸು. ಫೈಬರೆಂದರೆ ಗಾಜಿನ ಎಳೆಗಳ ಚಾಪೆಯನ್ನು ಅಚ್ಚಿನ ಮೇಲೆ ಹಾಸಿ, ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುರಸವನ್ನು ಬಳಿದು ಗಟ್ಟಿಯಾಗಿಸಿದ ಪದಾರ್ಥ. ಡಾಲ್ಫಿನ್ ಮನೆಮಂದಿಯ ಕಾರಾಗಿಯೇ ಹುಟ್ಟಿದ್ದು. ಆದರೂ ಹಗುರವಾದುದರಿಂದ ಮದರಾಸಿನ ಬಳಿಯ ಷೋಲಾವರಂ ಪಂದ್ಯಗಳಲ್ಲಿ ಓಡುವ ಯೋಗ ಅದಕ್ಕೆ ಬಂತು. 1983ರ ಕೊನೆಯಲ್ಲಿ ಉಕ್ಕಿನ ಮೈಯ ಮಾರುತಿ 800 ಬಂದಿತು. ಡಾಲ್ಫಿನ್ ಅದರ ಮುಂದೆ ನಿಲ್ಲಲಾರದೆ ಹೋಯಿತು.

ಸ್ಪೋರ್ಟ್ಸ್ ಕಾರೆಂದೇ ಹೆಸರಿಟ್ಟು ಮಾಡಿದ ಗಾಡಿಯೂ ಉಂಟು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಕಂಪೆನಿ 1990ರ ದಶಕದ ಕೊನೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಬಾಗಿಲಿನ, ಮೇಲ್ಹೊದಿಕೆ ತೆರೆಯಬಹುದಾದ ಕಾರನ್ನು ಗೋವೆಯಲ್ಲಿ ತಯಾರಿಸಿತು. ರೂಪ ಕೊಟ್ಟವರು ಫ್ರಾನ್ಸಿನವರು. ಎಂಜಿನು ರೆನೋ ಕಂಪೆನಿಯ 1,149 ಸಿ.ಸಿ.ಯದು, ಶಕ್ತಿ ಸುಮಾರು 60. ಮೈ ಅದೇ ಫೈಬರು. ಈಗ ಇವೆರಡೂ ತಯಾರಾಗುತ್ತಿಲ್ಲ. ಯಾರಾದರೂ ಕೊಳ್ಳುವುದಾದರೆ ಹಳೆಯದನ್ನೇ ಕೊಳ್ಳಬೇಕು, ಕೊಂಡದ್ದನ್ನು ಬಹಳ ಕಾಲ ಜೋಪಾನವಾಗಿ ಇಡಬೇಕು.

ಕೊಳ್ಳುವ ಮುನ್ನ

ಬಣ್ಣದ ಹೊಳಪನ್ನು ನೋಡಿ ಮನಸೋಲಬಾರದು. ಎಂಜಿನಿನ ಸದ್ದಿಗೂ ಮರುಳಾಗಬಾರದು. ಎಂಜಿನು ಕೆಟ್ಟರೆ ಬಿಚ್ಚಿ ಕಟ್ಟಬಹುದು. ಅಸ್ಥಿಪಂಜರ ಕೆಟ್ಟರೆ ಖರ್ಚಿಗೆ ಕೊನೆಯಿಲ್ಲ.

ಉಕ್ಕಿನ ಮೈಯಾದರೆ ಒಂದು ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಗಂಚಿಗೂ ಮಡ್‌ಗಾರ್ಡಿಗೂ ಮುಟ್ಟಿಸಿರಿ. ಹಿಡಿಯದೆ ಜಾರಿದ ಕಡೆ ಬಣ್ಣದ ಕೆಳಗೆ ತಗಡಿಲ್ಲ, ಪಟ್ಟಿ ಮೆತ್ತಿದ್ದಾರೆಂದು ತಿಳಿಯಿರಿ. ಕಾಲಡಿಯ ಮ್ಯಾಟನ್ನು ಎತ್ತಿ ನೆಲವನ್ನು ಹೆಬ್ಬೆರಳಿನಿಂದ ಒತ್ತಿರಿ. ಮೇಲ್ಹೊದಿಕೆ ತೆರೆಯುವ ಕಾರಿಗೆ ಗಟ್ಟಿಯಾದ ಮಾಡಿನ ಆಸರೆಯಿಲ್ಲ. ಅದರ ಬಲವೆಲ್ಲ ನೆಲದಲ್ಲಿ. ಜಾಕಿನಿಂದ ಒಂದು ಪಕ್ಕವನ್ನು ಎತ್ತಿದಾಗ ಬಾಗಿಲು ಸಿಕ್ಕಿಕೊಂಡರೆ ಅಥವಾ ಸಂದು ಹಿಗ್ಗಿದರೆ ನಡು ಬಾಗುತ್ತಿದೆಯೆಂದೇ ಅರ್ಥ.

ಫೈಬರ್ ಮೈಗೆ ತುಕ್ಕಿಲ್ಲವೆಂದು ಮಾರುವವನು ಹೇಳುತ್ತಾನೆ. ಮಾತು ನಿಜ, ಆದರೆ ಅದರ ಕೆಳಗಿರುವ ಚಾಸಿ ಉಕ್ಕಿನದೇ. ಮೇಲೆ ಮೈ ಥಳಥಳಿಸುತ್ತಿರುವಾಗ ಕೆಳಗೆ ಚಾಸಿ ಸದ್ದಿಲ್ಲದೆ ಸವೆಯುತ್ತಿರಬಹುದು. ಗಾಡಿಯನ್ನು ಎತ್ತಿ, ಟಾರ್ಚು ಹಿಡಿದು, ಸ್ಪ್ರಿಂಗೂ ಚಕ್ರದ ತೋಳುಗಳೂ ಚಾಸಿಗೆ ಸೇರುವ ಜಾಗಗಳನ್ನು ನೋಡದೆ ಬೆಲೆಯ ಮಾತೆತ್ತಬಾರದು. ಮೈಮೇಲೆ ಜೇಡರ ಬಲೆಯಂಥ ಸಣ್ಣ ಬಿರುಕುಗಳಿದ್ದರೆ ಅಲ್ಲಿ ಹಿಂದೆ ಪೆಟ್ಟು ಬಿದ್ದಿರುವ ಸಂಭವವುಂಟು.

ಮುಂದಿನ ಪ್ರಶ್ನೆ ಬಿಡಿಭಾಗಗಳದು. ಫೈಬರಿನ ತುಂಡು ಮುರಿದರೆ ಅಚ್ಚು ತೆಗೆದು ಹೊಸದು ಮಾಡಿಸಬಹುದು. ಮುಂದಿನ ಗಾಜು ಒಡೆದರೆ? ಮಾಡುವವರೇ ನಿಂತುಹೋದ ಕಾರಿನಲ್ಲಿ ಗಾಜು, ದೀಪದ ಮುಚ್ಚಳ, ಬಾಗಿಲ ರಬ್ಬರು, ಇವು ಎಂಜಿನಿಗಿಂತ ದುರ್ಲಭ. ಇವೆಲ್ಲ ಸಮಗ್ರವಾಗಿರುವ ಗಾಡಿಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಗೀಟುಗಳು ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆಂಬುದನ್ನು ಮರೆಯಬೇಡಿ.

ಕಾಗದಪತ್ರಗಳಲ್ಲಿ ಚಾಸಿ ಸಂಖ್ಯೆಯೂ ಎಂಜಿನು ಸಂಖ್ಯೆಯೂ ಗಾಡಿಯ ಮೇಲಿನವುಗಳಿಗೆ ಸರಿಹೋಗಬೇಕು. ಖಾಸಗಿ ಕಾರಿನ ನೋಂದಣಿ ಮೊದಲ 15 ವರ್ಷಗಳದು. ಬಳಿಕ ಐದೈದು ವರ್ಷಕ್ಕೆ ನವೀಕರಿಸಬೇಕು. ಕರ್ನಾಟಕದಲ್ಲಿ ನೋಂದಣಿಯಾದ ಗಾಡಿಯನ್ನು ಊರಿನಿಂದ ಇಲ್ಲಿಗೆ ತಂದು 12 ತಿಂಗಳಿಗೂ ಮೇಲ್ಪಟ್ಟು ಇಡುವವರು, ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿನ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಇಲ್ಲಿನ ತೆರಿಗೆಯ ಲೆಕ್ಕವನ್ನು ಸಾರಿಗೆ ಕಛೇರಿಯಲ್ಲಿ ಮೊದಲೇ ಕೇಳಿಕೊಂಡು ಬೆಲೆಗೆ ಕೂಡಿಸಿಕೊಳ್ಳಿ.

ಎಲ್ಲಿ ಇಡಬೇಕು?

ನಾಂಪಲ್ಲಿಯಲ್ಲಿ ರೈಲು ನಿಲ್ದಾಣದಿಂದ ಎಕ್ಸಿಬಿಷನ್ ಮೈದಾನದವರೆಗೆ ನಡೆದು ಬಂದವರಿಗೆ ಜಾಗದ ಬೆಲೆಯೇನೆಂದು ಹೇಳಬೇಕಾಗಿಲ್ಲ. ಇಲ್ಲಿ ಕಾರಿಗೆ ಸಿಗುವುದು ಬಹುಮಟ್ಟಿಗೆ ಕಟ್ಟಡದ ನೆಲ ಅಂತಸ್ತು ಅಥವಾ ಸೆಲ್ಲಾರು.

2023ರ ನವೆಂಬರ್ 13ರಂದು ನಮ್ಮ ನಾಂಪಲ್ಲಿಯ ಬಜಾರ್‌ಘಾಟಿನಲ್ಲಿ ನಡೆದ ಅಗ್ನಿದುರಂತವನ್ನು ಯಾರೂ ಮರೆಯುವಂತಿಲ್ಲ. ಜನ ವಾಸಿಸುತ್ತಿದ್ದ ಬಹುಮಹಡಿ ಕಟ್ಟಡದ ನೆಲ ಅಂತಸ್ತಿನಲ್ಲಿ ಕಾರಿನ ರಿಪೇರಿ ನಡೆಯುತ್ತಿದ್ದಾಗ ಎದ್ದ ಕಿಡಿ, ಅಲ್ಲಿಯೇ ಶೇಖರಿಸಿದ್ದ ಪೀಪಾಯಿಗಳಿಗೆ ತಗುಲಿತೆಂದು ಆಗ ವರದಿಯಾಯಿತು. ಪೀಪಾಯಿಗಳಲ್ಲಿದ್ದುದು ಪಾಲಿಯೆಸ್ಟರ್ ರೆಸಿನ್ ಎಂದು ಅಗ್ನಿಶಾಮಕ ಅಧಿಕಾರಿಗಳು ತಿಳಿಸಿದರು. ಹೊಗೆ ಮೆಟ್ಟಿಲ ದಾರಿಯಿಂದ ಮೇಲಕ್ಕೇರಿತು. ಅಂದೇ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಕಾರಿಗೂ ಪೀಪಾಯಿಗೂ ಸಂಬಂಧವೇ ಇಲ್ಲದೆ ಮೇಲಿನ ಮನೆಗಳಲ್ಲಿದ್ದವರಿದ್ದರು, ಮಕ್ಕಳೂ ಇದ್ದರು.

ಫೈಬರ್ ಕಾರಿನ ಮೈಯನ್ನು ತೇಪೆ ಹಾಕಲು ಬಳಸುವ ರಸವೂ ಇದೇ ರೆಸಿನ್. ಗಟ್ಟಿಯಾದ ಮೇಲೂ ಅದು ಉರಿಯುವ ಪದಾರ್ಥವೇ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡಿ, ತಗ್ಗಿನಲ್ಲಿ ನಿಂತು, ದೂರದ ಕಿಡಿಗಾಗಿ ಕಾಯುತ್ತದೆ. ಇದರಿಂದ ನಾಲ್ಕು ನಿಯಮಗಳು ತಾವಾಗಿ ಹೊರಡುತ್ತವೆ. ಜನ ಮಲಗುವ ಕಟ್ಟಡದ ಕೆಳಗೆ ವೆಲ್ಡಿಂಗು, ಗ್ರೈಂಡಿಂಗು, ಫೈಬರ್ ಕೆಲಸ ಕೂಡದು. ಅದನ್ನು ಬಯಲಿನ ಗ್ಯಾರೇಜಿನಲ್ಲಿ ಮಾಡಿಸಬೇಕು. ರೆಸಿನ್, ತಿನ್ನರು, ಪೆಟ್ರೋಲು ಇವುಗಳ ಡಬ್ಬಗಳನ್ನು ಕಾರಿನ ಬಳಿ ಇಡಕೂಡದು. ಮೆಟ್ಟಿಲ ದಾರಿಗೆ ಅಡ್ಡವಾಗಿ ಕಾರಾಗಲಿ ಸಾಮಾನಾಗಲಿ ನಿಲ್ಲಕೂಡದು. ಒಣಪುಡಿಯ ಅಗ್ನಿಶಾಮಕ ಸಿಲಿಂಡರು ಕೈಗೆಟಕುವ ಕಡೆ ತೂಗಿರಬೇಕು. ಕಾವಲಿನ ಕೆಲಸದಲ್ಲಿರುವ ನಮ್ಮ ಸಹೋದರರು ಇವನ್ನು ಗಟ್ಟಿಯಾಗಿ ಹೇಳಲು ಸಂಕೋಚಪಡಬೇಕಾದದ್ದಿಲ್ಲ. ಯಜಮಾನರು ಗದರಿಕೊಂಡರೂ ಹೇಳಿದ ಮಾತು ಹೇಳಿದ್ದೇ ಆಗಿರಲಿ.

ಇನ್ನು ನೀರು. 2020ರ ಅಕ್ಟೋಬರಿನ ಮಳೆಯಲ್ಲಿ ಈ ನಗರದ ಬೀದಿಗಳಲ್ಲಿ ಕಾರುಗಳು ತೇಲಿಹೋದುದನ್ನು ಕಂಡಿದ್ದೇವೆ. ಹಗುರವಾದ ಕಾರು ಇತರರಿಗಿಂತ ಮೊದಲೇ ತೇಲುತ್ತದೆ. ನೀರು ನಿಲ್ಲುವ ಸೆಲ್ಲಾರಿಗಿಂತ ಎತ್ತರದ ನೆಲದ ಮೇಲಿನ ಸಾಧಾರಣ ತಗಡಿನ ಷೆಡ್ಡು ಮೇಲು. ಒಂದು ಮಳೆಗಾಲ ಆ ಜಾಗದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಹೊರೆಯವರನ್ನು ಕೇಳಿ, ಆಮೇಲೆ ಬಾಡಿಗೆ ಮಾತಾಡಿರಿ.

ನಿಲ್ಲಿಸುವ ಕ್ರಮ

ಊರಿಗೆ ಹೋಗುವಾಗಲೋ ಮಳೆಗಾಲಕ್ಕೋ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಹೀಗೆ ಮಾಡಬೇಕು.

ಮೊದಲು ತೊಳೆದು, ಚಕ್ರದ ಮೇಲ್ಗಡೆ ಅಂಟಿದ ಕೆಸರನ್ನು ಕೆರೆದು, ಚೆನ್ನಾಗಿ ಒಣಗಿಸಿರಿ; ಕೆಸರು ನೀರನ್ನು ಹಿಡಿದಿಟ್ಟು ತುಕ್ಕನ್ನು ಕರೆಯುತ್ತದೆ. ಹಳೆಯ ಎಂಜಿನ್ ಆಯಿಲಿನಲ್ಲಿ ಆಮ್ಲಾಂಶ ಸೇರಿರುವುದರಿಂದ ಹೊಸದನ್ನು ಹಾಕಿಸಿರಿ. ಅಲ್ಯೂಮಿನಿಯಮ್ ಎಂಜಿನಿದ್ದರೆ ರೇಡಿಯೇಟರಿಗೆ ಬೋರಿನ ನೀರನ್ನು ಸುರಿಯದೆ, ತುಕ್ಕು ತಡೆಯುವ ಕೂಲೆಂಟನ್ನೇ ತುಂಬಿರಿ.

ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಕಾರಿನ ರಬ್ಬರು ಕೊಳವೆಗಳನ್ನೂ ಕೆಡಿಸುತ್ತದೆ. ಕೊಳವೆಗಳನ್ನು ಇದಕ್ಕೆ ತಾಳುವ ಹೊಸ ಜಾತಿಗೆ ಬದಲಿಸಿರಿ. ಬಹಳ ದಿನ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬಯಲಿನಲ್ಲಿ, ಮೆಕ್ಯಾನಿಕನ ಕೈಯಿಂದ ಖಾಲಿ ಮಾಡಿಸುವುದು ಕ್ಷೇಮ.

ಬ್ಯಾಟರಿಯ ಋಣ ತಂತಿಯನ್ನು ಮೊದಲು ಕಳಚಿರಿ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟು ತೋರಿಸುತ್ತದೆ, 12.4ಕ್ಕೆ ಇಳಿದರೆ ಚಾರ್ಜು ಮಾಡಬೇಕು. ಚಾರ್ಜಾಗುವಾಗ ಉರಿಯುವ ಹೈಡ್ರೋಜನ್ ಅನಿಲ ಹೊರಡುವುದರಿಂದ ಗಾಳಿಯಾಡುವ ಕಡೆಯೇ ಆ ಕೆಲಸ ನಡೆಯಲಿ.

ಹ್ಯಾಂಡ್‌ಬ್ರೇಕು ಎಳೆದಿಟ್ಟರೆ ಕಚ್ಚಿಕೊಳ್ಳಬಹುದು. ಅದನ್ನು ಬಿಟ್ಟು ಚಕ್ರಗಳಿಗೆ ಮರದ ಅಡ್ಡೆ ಕೊಡಿ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿಡುವುದಾದರೆ ಚಾಸಿಯ ಕೆಳಗೆ ಕೊಡಬೇಕೇ ಹೊರತು ಫೈಬರಿನ ಕೆಳಗಲ್ಲ. ಬಟ್ಟೆಯ ಮೇಲ್ಹೊದಿಕೆಯನ್ನು ಮಡಿಸಿಡದೆ ಬಿಡಿಸಿಯೇ ಇಡಿ. ಮಡಿಕೆಯಲ್ಲಿ ಬೂಷ್ಟು ಹಿಡಿದು ಹರಿಯುತ್ತದೆ. ಹೊದಿಸಲು ನೂಲಿನ ಬಟ್ಟೆ ಒಳ್ಳೆಯದು. ಪ್ಲಾಸ್ಟಿಕ್ ಹಾಳೆ ಮಳೆಯನ್ನು ತಡೆದರೂ ಒಳಗಿನ ಬೆವರನ್ನು ಹೊರಗೆ ಬಿಡದು. ಇಲಿಗಳು ವಯರು ಕಡಿಯದಂತೆ ಸೈಲೆನ್ಸರಿನ ಬಾಯಿಗೂ ಗಾಳಿಯ ದಾರಿಗೂ ತಂತಿಬಲೆ ಕಟ್ಟಿ, ಹಾಗೆ ಕಟ್ಟಿದ್ದೇವೆಂದು ಸ್ಟಿಯರಿಂಗಿಗೆ ಚೀಟಿ ತೂಗಿಹಾಕಿ.

ವಾರಕ್ಕೊಮ್ಮೆ ಎರಡು ನಿಮಿಷ ಎಂಜಿನು ಓಡಿಸಿ ನಿಲ್ಲಿಸುವ ರೂಢಿಯಿಂದ ಲಾಭಕ್ಕಿಂತ ಕೇಡು ಹೆಚ್ಚು. ಪೂರ್ತಿ ಕಾಯದ ಎಂಜಿನಿನಲ್ಲೂ ಸೈಲೆನ್ಸರಿನಲ್ಲೂ ನೀರು ನಿಲ್ಲುತ್ತದೆ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿರಿ, ಇಲ್ಲವೇ ಸುಮ್ಮನಿರಿ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನನ್ನು ಚಾಲೂ ಮಾಡಲೇಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ದಾಕ್ಷಿಣ್ಯವೂ ಇಲ್ಲ.

ಇಷ್ಟು ಓದಿದ ಮೇಲೆ, ಒಣಗಿದ, ಎತ್ತರದ, ಗಾಳಿಯಾಡುವ, ಮೇಲೆ ಯಾರೂ ಮಲಗದ ಜಾಗವೊಂದು ನನಗುಂಟೇ ಎಂದು ಕೊಳ್ಳಬಯಸುವವರು ತಮ್ಮನ್ನೇ ಕೇಳಿಕೊಳ್ಳಲಿ. ಉಂಟೆಂದಾದರೆ ಅಯಸ್ಕಾಂತ ಜೇಬಿಗೆ ಹಾಕಿಕೊಂಡು ಹೊರಡಬಹುದು. ಇಲ್ಲವಾದರೆ ಹಣವನ್ನು ಬ್ಯಾಂಕಿನಲ್ಲಿಯೇ ಬಿಟ್ಟು ಜಾಗ ಹುಡುಕಲಿ. ಕಾರು ಕಾಯುತ್ತದೆ. ಕೊಳ್ಳುವ ಯೋಚನೆಯೇ ಇಲ್ಲದವರು ಇಂದು ಸಂಜೆ ಮನೆಗೆ ಹೋಗುವಾಗ ತಮ್ಮ ಮೆಟ್ಟಿಲ ಕೆಳಗೆ ಏನೇನು ಇಟ್ಟಿದ್ದಾರೆಂದು ಒಮ್ಮೆ ಬಗ್ಗಿ ನೋಡಲಿ.