ವಲಸೆ ಹೋಗದ ತಿಮಿಂಗಿಲ

"ಅಪ್ಪಾ, ಇಲ್ಲಿ ತಿಮಿಂಗಿಲ ಇದೆಯಾ?" ಲೈಫ್ ಜಾಕೆಟ್ ಹಾಕಿಸಿಕೊಳ್ಳುತ್ತಾ ಮಗಳು ಕೇಳಿದಳು. ಡಿಸೆಂಬರ್ ರಜೆಗೆ ಪುಣೆಯಿಂದ ತಾಮ್ಹಿಣಿ ಘಾಟ್ ಇಳಿದು ದಾಪೋಲಿ ಬಳಿಯ ಮುರುಡಕ್ಕೆ ಬಂದಿದ್ದೆವು. ಮಹರ್ಷಿ ಕರ್ವೆಯವರ ಊರು. ಪುಣೆಯಲ್ಲಿ ನಾವೆಲ್ಲ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವ ಕರ್ವೆ ರಸ್ತೆ ಇವರ ಹೆಸರಿನದೇ.

ಮುರುಡದ ದೋಣಿಗಳು ತೋರಿಸುವುದು ಡಾಲ್ಫಿನ್‌ಗಳನ್ನು. ಬೆನ್ನ ಮೇಲೆ ಗೂನಿರುವ ಈ ಜಾತಿ ದಡದ ಹತ್ತಿರ, ಆಳ ಕಡಿಮೆಯಿರುವ ನೀರಿನಲ್ಲೇ ಬದುಕುತ್ತದೆ. ಅದಕ್ಕೇ ನಮ್ಮ ಕಣ್ಣಿಗೆ ಸುಲಭವಾಗಿ ಬೀಳುತ್ತದೆ. ಅದಕ್ಕೇ ಬಲೆಗೂ ಸಿಕ್ಕಿಬೀಳುತ್ತದೆ. ಇಂದು ಇದು ಅಳಿವಿನಂಚಿನಲ್ಲಿರುವ ಜೀವಿ.

ಮೊದಲ ರೆಕ್ಕೆ ಕಂಡದ್ದೇ ತಡ, ನಾಲ್ಕೈದು ದೋಣಿಗಳು ಅತ್ತ ನುಗ್ಗಿದವು. "ಇನ್ನೂ ಹತ್ತಿರ ಹೋಗಿ" ಎಂದು ಮೊಬೈಲ್ ಹಿಡಿದು ಕೂಗಿದವರಲ್ಲಿ ನಾನೇ ಮೊದಲಿಗ. ಡಾಲ್ಫಿನ್‌ಗಳು ಮುಳುಗಿದವು, ಮತ್ತೆ ಏಳಲಿಲ್ಲ. "ನಾವು ಅಟ್ಟಿಸಿಕೊಂಡು ಹೋದದ್ದಕ್ಕೆ ಓಡಿಹೋದವು" ಎಂದಳು ಮಗಳು. ನನ್ನ ಬಳಿ ಉತ್ತರವಿರಲಿಲ್ಲ.

ನಮ್ಮ ದೋಣಿಯವರು ಇಂಜಿನ್ ಆಫ್ ಮಾಡಿದರು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ "ಫುಸ್" ಎಂಬ ಉಸಿರಿನ ಸದ್ದು. ತಾಯಿ, ಪಕ್ಕದಲ್ಲೇ ಮರಿ. ನನ್ನ ಮೊಬೈಲ್ ಜೇಬಿನಲ್ಲೇ ಉಳಿಯಿತು.

ಮಗಳ ಪ್ರಶ್ನೆಗೆ ಉತ್ತರ: ಇದೆ. ಬೇರೆ ಕಡಲುಗಳ ಗೂನುಬೆನ್ನಿನ ತಿಮಿಂಗಿಲಗಳು ಮೇವಿಗೆ ತಂಪು ನೀರಿಗೂ ಮರಿ ಹಾಕಲು ಬೆಚ್ಚನೆಯ ನೀರಿಗೂ ಸಾವಿರಾರು ಕಿಲೋಮೀಟರ್ ವಲಸೆ ಹೋಗುತ್ತವೆ. ನಮ್ಮ ಅರಬ್ಬಿ ಸಮುದ್ರದವು ಮಾತ್ರ ಹೋಗುವುದಿಲ್ಲ. ನಮಗೆ ಮಳೆ ತರುವ ಮುಂಗಾರು ಗಾಳಿಯೇ ಒಮಾನ್ ತೀರದಲ್ಲಿ ಆಳದ ತಂಪು ನೀರನ್ನು ಮೇಲೆತ್ತಿ ಅವುಗಳಿಗೆ ಮೀನು ಒದಗಿಸುತ್ತದೆ. ಸುಮಾರು 70,000 ವರ್ಷಗಳಿಂದ ಇವು ಉಳಿದ ಬಳಗದಿಂದ ಬೇರೆಯಾಗಿವೆ ಎನ್ನುತ್ತದೆ ಡಿಎನ್‌ಎ ಅಧ್ಯಯನ. ಒಮಾನ್ ಕಡೆಯ ಒಂದು ಅಂದಾಜಿನಲ್ಲಿ ಇದ್ದದ್ದು 82 ಮಾತ್ರ.

2017ರಲ್ಲಿ ಒಮಾನ್‌ನಲ್ಲಿ ಉಪಗ್ರಹ ಟ್ಯಾಗ್ ಹಾಕಿದ 'ಲುಬಾನ್' ಎಂಬ ಹೆಣ್ಣು ತಿಮಿಂಗಿಲ ಕಡಲು ದಾಟಿ ಗೋವಾ ಬಳಿಗೆ ಬಂದು, ದಕ್ಷಿಣಕ್ಕೆ ಕನ್ಯಾಕುಮಾರಿಯತ್ತ ಸಾಗಿತು. ಅಂದರೆ ನಮ್ಮ ಕಾರವಾರ, ಮಂಗಳೂರಿನ ಕಡಲಾಚೆಯೂ ಹಾದುಹೋಗಿರಬೇಕು.

ಕೆಲಸಕ್ಕೆಂದು ಊರು ಬಿಟ್ಟ ನಮಗೆ, ಇಲ್ಲಿ ಆಗದಿದ್ದರೆ ಇನ್ನೊಂದು ಊರಿದೆ. ಅವಕ್ಕೆ ಇರುವುದು ಇದೊಂದೇ ಕಡಲು. ಮುರುಡ, ತಾರ್ಕರ್ಲಿ, ಕಾರವಾರ, ಎಲ್ಲಿಗೇ ಹೋಗಿ, ದೋಣಿ ಹತ್ತುವ ಮುಂಚೆ ದರದ ಜೊತೆ ಇನ್ನೊಂದು ಮಾತು ಕೇಳಿ: "ಇಂಜಿನ್ ಆಫ್ ಮಾಡುತ್ತೀರಾ?"