ಎರಡು ವಾರಕ್ಕೊಂದು ಡೆಮೊ

2001ರ ಸೆಪ್ಟೆಂಬರ್ ದಾಳಿಯ ಬೆನ್ನಿಗೇ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಶಂಕಿತರ ಫೋಟೋಗಳನ್ನು ತನ್ನದೇ ಕಚೇರಿಗಳಿಗೆ ಕೊರಿಯರ್ ಮಾಡಬೇಕಾಯಿತು. ಅದರ ಹಳೆಯ ಕಂಪ್ಯೂಟರ್‌ಗಳಲ್ಲಿ ಫೋಟೋ ಕಳಿಸುವ ಅನುಕೂಲವೇ ಇರಲಿಲ್ಲ. ಕೇಸ್ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ತರಲು ‘ವರ್ಚುಯಲ್ ಕೇಸ್ ಫೈಲ್’ ಎಂಬ ತಂತ್ರಾಂಶವನ್ನು ಗುತ್ತಿಗೆಗೆ ಕೊಟ್ಟರು. ಏಳು ಲಕ್ಷ ಸಾಲು ಕೋಡ್, ಸುಮಾರು 17 ಕೋಟಿ ಡಾಲರ್ ಖರ್ಚು. 2005ರಲ್ಲಿ ಅಷ್ಟನ್ನೂ ಕೈಬಿಟ್ಟರು.

ಕೆಲಸ ಕೊಟ್ಟವರು ಸುಮ್ಮನೆ ಕೂತಿದ್ದರು ಎನ್ನುವಂತಿಲ್ಲ. ಏನೇನು ಬೇಕೆಂದು 800ಕ್ಕೂ ಹೆಚ್ಚು ಪುಟ ಬರೆದುಕೊಟ್ಟಿದ್ದರು. ಆಮೇಲೆ ನೂರಾರು ತಿದ್ದುಪಡಿ ಕೇಳಿದರು. ಇದನ್ನು ಮೇಲ್ವಿಚಾರಣೆ ಎಂದು ನಾನು ಕರೆಯಲಾರೆ. ಓಡುವ ತಂತ್ರಾಂಶವನ್ನು ಆಗಾಗ ಮುಟ್ಟಿ ನೋಡದೆ ಹೋದರೆ ತಪ್ಪು ಎಲ್ಲಿದೆ ಎಂಬುದು ಕಾಗದದ ಮೇಲೆ ಕಾಣುವುದೇ ಇಲ್ಲ.

ಅದೇ ಕೆಲಸಕ್ಕೆ ಮುಂದೆ ಬಂದದ್ದು ‘ಸೆಂಟಿನೆಲ್’ ಎಂಬ ತಂತ್ರಾಂಶ. 2006ರಲ್ಲಿ ಬೇರೊಂದು ಕಂಪನಿಗೆ ಗುತ್ತಿಗೆ. 2010ರ ಹೊತ್ತಿಗೆ 45.1 ಕೋಟಿ ಡಾಲರ್ ಬಜೆಟ್ಟಿನಲ್ಲಿ ಸುಮಾರು 40.5 ಕೋಟಿ ಖರ್ಚಾಗಿತ್ತು, ನಾಲ್ಕು ಹಂತಗಳಲ್ಲಿ ಮುಗಿದದ್ದು ಎರಡೇ. ಆಗ ಎಫ್‌ಬಿಐ ಕೆಲಸವನ್ನು ತನ್ನ ಕೈಗೇ ತೆಗೆದುಕೊಂಡಿತು. ಇನ್ನೂರು ದಾಟಿದ್ದ ತಂಡ ಐವತ್ತರ ಆಸುಪಾಸಿಗೆ ಇಳಿಯಿತು.

ಜನ ಕಡಿಮೆಯಾದರೆ ಕೆಲಸ ಚುರುಕಾಗುವುದು ಹೇಗೆ? ಒಬ್ಬೊಬ್ಬರೂ ಉಳಿದವರೊಡನೆ ಮಾತಾಡಬೇಕೆಂದುಕೊಳ್ಳಿ. ಇನ್ನೂರು ಜನರಲ್ಲಿ 19,900 ಜೋಡಿಗಳಾಗುತ್ತವೆ, ಐವತ್ತು ಜನರಲ್ಲಿ 1,225. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಸಾಫ್ಟ್‌ವೇರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು.

ಹೊಸ ತಂಡ ಎರಡೆರಡು ವಾರದ ‘ಸ್ಪ್ರಿಂಟ್’ಗಳಲ್ಲಿ ದುಡಿಯಿತು. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಇದು ದಿನಬಳಕೆಯ ಮಾತು. ಪ್ರತಿ ಸ್ಪ್ರಿಂಟಿನ ಕೊನೆಗೆ ಡೆಮೊ. ಪರದೆಯ ಮೇಲೆ ನಡೆದು ತೋರಿಸಿದ್ದು ಮಾತ್ರ ಲೆಕ್ಕಕ್ಕೆ, ‘ತೊಂಬತ್ತು ಪರ್ಸೆಂಟ್ ಮುಗಿದಿದೆ ಸರ್’ ಎಂಬ ಉತ್ತರಕ್ಕೆ ಜಾಗವಿಲ್ಲ.

ಆದರೆ ಕೆಟ್ಟ ಸುದ್ದಿ ಹೇಳಿದವರನ್ನು ಗದರಿಸುವ ಕಡೆ ಡೆಮೊ ಕೂಡ ನಾಟಕವಾಗುತ್ತದೆ. ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಎಣಿಸಿದಾಗ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಅವರಿಗೇ ಅಚ್ಚರಿ. ಅಲ್ಲಿನ ನರ್ಸ್‌ಗಳು ತಪ್ಪನ್ನು ಅಂಜದೆ ಹೇಳಿಕೊಳ್ಳುತ್ತಿದ್ದರು, ಬೇರೆಡೆ ಮುಚ್ಚಿಡುತ್ತಿದ್ದರು.

ಸೆಂಟಿನೆಲ್ಲೂ ತಡವಾಯಿತು. ಒಂದು ಪರೀಕ್ಷೆಯಲ್ಲಿ ಹಳೆಯ ಯಂತ್ರಗಳು ಭಾರ ತಡೆಯಲಿಲ್ಲ. ಅದನ್ನು ಮುಚ್ಚಿಡದೆ ಯಂತ್ರ ಬದಲಿಸಿದರು. 2012ರ ಜುಲೈ 1ರಂದು ಅದು ದೇಶದಾದ್ಯಂತ ಎಫ್‌ಬಿಐ ಸಿಬ್ಬಂದಿಯ ಕೈಸೇರಿತು.